ನಲವತ್ತು ರೊಟ್ಟಿ, ಒಂದೇ ರಾತ್ರಿ

ಯೆರೂಸಲೇಮಿನಲ್ಲಿ ದೇವಾಲಯ ಇದ್ದ ಕಾಲದಲ್ಲಿ, ಸಾವಿನ ಬಾಯಿಂದ ಪಾರಾಗಿ ಬಂದ ಯೆಹೂದಿ ಅಲ್ಲಿಗೆ ಹೋಗಿ ಒಂದು ಕಾಣಿಕೆ ಒಪ್ಪಿಸುತ್ತಿದ್ದ. ಅದರ ಹೆಸರು ತೋದಾ. ಇವತ್ತು ಇಸ್ರೇಲಿನ ಅಂಗಡಿಯಲ್ಲಿ ಚಿಲ್ಲರೆ ಈಸಿಕೊಂಡು ಹೇಳುವ ‘ಥ್ಯಾಂಕ್ಸ್’ಗೂ ಇದೇ ಪದ. ಆದರೆ ಆಗಿನ ತೋದಾ ಇಷ್ಟು ಅಗ್ಗವಾಗಿರಲಿಲ್ಲ. ಒಂದು ದನವೋ ಕುರಿಯೋ ಆಡೋ ಬೇಕು, ಅದರ ಜೊತೆಗೆ 40 ರೊಟ್ಟಿ ಬೇಕು. ನಾಲ್ಕು ಬಗೆ, ಬಗೆಗೆ ಹತ್ತು: ಹುಳಿ ಬರಿಸಿದ ಹಿಟ್ಟಿನವು ಹತ್ತು, ಎಣ್ಣೆ ಕಲಸಿದ ಹುಳಿಯಿಲ್ಲದವು ಹತ್ತು, ತೆಳ್ಳಗೆ ತಟ್ಟಿ ಎಣ್ಣೆ ಸವರಿದವು ಹತ್ತು, ಬಿಸಿನೀರಿನಲ್ಲಿ ಕಲಸಿ ಬೇಯಿಸಿದವು ಹತ್ತು. ಹಳೆಯ ಯೆಹೂದಿ ಕಟ್ಟಳೆಗಳ ಸಂಗ್ರಹವಾದ ಮಿಶ್ನಾ ಹಿಟ್ಟಿನ ಅಳತೆಯನ್ನೂ ಬರೆದಿಟ್ಟಿದೆ. ಒಟ್ಟು 20 ಇಸ್ಸಾರೋನ್. ಅದರಲ್ಲಿ ಅರ್ಧ ಹುಳಿ ರೊಟ್ಟಿ ಹತ್ತಕ್ಕೆ, ಇನ್ನರ್ಧ ಉಳಿದ ಮೂವತ್ತಕ್ಕೆ. ಒಂದು ಇಸ್ಸಾರೋನ್ ಅಂದರೆ 43 ಮೊಟ್ಟೆಗಿಂತ ತುಸು ಹೆಚ್ಚಿನ ಗಾತ್ರ. ಕಡಿಮೆ ಲೆಕ್ಕ ಹಿಡಿದರೂ 1.2 ಕಿಲೋ ಹಿಟ್ಟು. ಅಂದಮೇಲೆ ಒಬ್ಬನ ಒಂದು ಕೃತಜ್ಞತೆಗೆ 24 ಕಿಲೋ ಹಿಟ್ಟು ನಾದಬೇಕಿತ್ತು.

ಬಗೆಗೊಂದರಂತೆ ನಾಲ್ಕು ರೊಟ್ಟಿ ಪುರೋಹಿತನಿಗೆ. ಉಳಿದ 36 ರೊಟ್ಟಿ, ಮಾಂಸದ ಬಹುಪಾಲು ಕಾಣಿಕೆ ತಂದವನದು. ತೊಡಕು ಶುರುವಾಗುವುದು ಇಲ್ಲಿ. ಈ ಜಾತಿಯ ಬೇರೆ ಕಾಣಿಕೆಗಳನ್ನು ತಿಂದು ಮುಗಿಸಲು ಎರಡು ಹಗಲು, ನಡುವಿನ ಒಂದು ರಾತ್ರಿ ಇರುತ್ತಿತ್ತು. ತೋದಾಕ್ಕೆ ಮಾತ್ರ ಆ ಒಂದು ಹಗಲು, ಆ ಒಂದು ರಾತ್ರಿ. ಧರ್ಮಪಂಡಿತರಾದ ರಬ್ಬಿಗಳು ಅದನ್ನೂ ಬಿಗಿ ಮಾಡಿ ನಡುರಾತ್ರಿಯೊಳಗೆ ಅಂದರು. ಉಳಿದರೆ ಸುಡಬೇಕು. ಕಾಣಿಕೆ ದೊಡ್ಡದು ಮಾಡಿ ಗಡುವು ಚಿಕ್ಕದು ಮಾಡಿದ್ದು ಯಾಕೆ? 19ನೇ ಶತಮಾನದಲ್ಲಿ ವೊಲೋಝಿನ್ ವಿದ್ಯಾಪೀಠ ನಡೆಸುತ್ತಿದ್ದ ನಫ್ತಾಲಿ ಜ್ವಿ ಯೆಹೂದಾ ಬೆರ್ಲಿನ್ ಕೊಡುವ ಉತ್ತರ ನೇರವಾಗಿದೆ: ಒಬ್ಬನಿಂದ ತಿಂದು ಮುಗಿಸಲಾಗಬಾರದು ಅಂತಲೇ. ಮುಗಿಯಬೇಕಾದರೆ ನೆಂಟರನ್ನು, ನೆರೆಯವರನ್ನು, ಬೀದಿಯಲ್ಲಿ ಸಿಕ್ಕವರನ್ನು ಕರೆಯಬೇಕು. ಬಂದವರು ‘ಏನು ವಿಶೇಷ?’ ಅಂತ ಕೇಳಿಯೇ ಕೇಳುತ್ತಾರೆ. ಆಗ ಆದದ್ದನ್ನು ಹೇಳಬೇಕು.

ಈ ಗಡುವಿನ ನೆರಳು ಈಗಲೂ ಪ್ರಾರ್ಥನೆಯಲ್ಲಿದೆ. ವಾರದ ಸಾಮಾನ್ಯ ದಿನಗಳಲ್ಲಿ ಬೆಳಿಗ್ಗೆ ಹೇಳುವ 100ನೇ ಕೀರ್ತನೆ ತೋದಾದ ಕೀರ್ತನೆ. ಮಧ್ಯ, ಪೂರ್ವ ಯುರೋಪ್ ಮೂಲದ ಅಶ್ಕೆನಾಝಿ ಯೆಹೂದಿಗಳ ರೂಢಿಯಲ್ಲಿ ಪಾಸ್ಕ ಹಬ್ಬದ ಹಿಂದಿನ ದಿನವೂ, ಯೋಮ್ ಕಿಪ್ಪೂರ್ ಉಪವಾಸದ ಹಿಂದಿನ ದಿನವೂ ಅದನ್ನು ಬಿಡುತ್ತಾರೆ. ಕಾರಣ ತೀರಾ ಅಡುಗೆಮನೆಯದು: ಪಾಸ್ಕಕ್ಕೆ ಮುಂಚೆ ಹುಳಿ ರೊಟ್ಟಿ ತಿನ್ನುವ ಹೊತ್ತು ಬೆಳಿಗ್ಗೆಯೇ ಮುಗಿಯುತ್ತದೆ, ಯೋಮ್ ಕಿಪ್ಪೂರಿಗೆ ಮುಂಚೆ ಸಂಜೆಗೇ ಬಾಯಿ ಕಟ್ಟಬೇಕು. ಎರಡು ದಿನವೂ ತೋದಾ ತಿಂದು ಮುಗಿಸಲು ಸಮಯ ಸಾಲದು. ದೇವಾಲಯ ಬಿದ್ದದ್ದು ಕ್ರಿ.ಶ. 70ರಲ್ಲಿ. ತಿನ್ನಲು ರೊಟ್ಟಿಯೇ ಇಲ್ಲದೆ ಸಾವಿರದೊಂಬೈನೂರು ವರ್ಷ ದಾಟಿದರೂ ‘ತಿಂದು ಮುಗಿಸಲಾದೀತೆ’ ಎಂಬ ಲೆಕ್ಕ ಮಾತ್ರ ಬಿಟ್ಟಿಲ್ಲ.

ರೊಟ್ಟಿಯ ಜಾಗಕ್ಕೆ ಮಾತು ಬಂತು. ಅದರ ಹೆಸರು ಹಗೋಮೆಲ್. ಯಾರು ಹೇಳಬೇಕು ಎಂಬುದನ್ನು, ಮಿಶ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮುದ್ 107ನೇ ಕೀರ್ತನೆಯಿಂದ ತೆಗೆಯುತ್ತದೆ: ಕಡಲು ದಾಟಿ ಬಂದವರು, ಮರುಭೂಮಿ ದಾಟಿ ಬಂದವರು, ಕಾಯಿಲೆಯಿಂದ ಎದ್ದವರು, ಸೆರೆಯಿಂದ ಬಿಡುಗಡೆಯಾದವರು. ಹೀಬ್ರೂವಿನಲ್ಲಿ ಈ ನಾಲ್ಕರ ಮೊದಲಕ್ಷರ ಕೂಡಿಸಿದರೆ ‘ಹಯ್ಯಿಮ್’ ಆಗುತ್ತದೆ, ಬದುಕು ಎಂದರ್ಥ. ಈಗ ಹೆರಿಗೆಯಾದವರು, ಅಪಘಾತದಲ್ಲಿ ಉಳಿದವರು, ದೊಡ್ಡ ಶಸ್ತ್ರಚಿಕಿತ್ಸೆ ಆದವರೂ ಹೇಳುತ್ತಾರೆ. ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಧರ್ಮಗ್ರಂಥ ತೋರಾ ಓದುವ ದಿನ ನೋಡಿಕೊಂಡು, ಓದಿನ ನಡುವೆ ಎದ್ದು ನಿಂತು, ‘ತಪ್ಪಿರುವವರಿಗೂ ಒಳಿತು ಮಾಡುವವನು ನನಗೂ ಎಲ್ಲ ಒಳಿತು ಮಾಡಿದ’ ಎಂಬ ಒಂದೇ ವಾಕ್ಯ. ಕೂಡಿದವರು ಸುಮ್ಮನೆ ಆಮೆನ್ ಅಂದು ಕೂರುವಂತಿಲ್ಲ. ‘ನಿನಗೆ ಒಳಿತು ಮಾಡಿದವನು ಇನ್ನೂ ಎಲ್ಲ ಒಳಿತು ಮಾಡಲಿ’ ಎಂದು ಮರುಮಾತು ಹೇಳಬೇಕು. ಕೇಳಲು ಕಡಿಮೆಯೆಂದರೆ ಹತ್ತು ಮಂದಿ ಇರಬೇಕು. ಸಂಪ್ರದಾಯಸ್ಥರು ಹತ್ತು ಗಂಡಸರನ್ನು ಎಣಿಸುತ್ತಾರೆ, ಸುಧಾರಣಾವಾದಿ ಸಭೆಗಳು ಹೆಂಗಸರನ್ನೂ ಸೇರಿಸಿ ಎಣಿಸುತ್ತವೆ.

ಎಲ್ಲಿ ತಪ್ಪುತ್ತದೆ? ಹೆಚ್ಚಾಗಿ ಅವಸರದಲ್ಲಿ. ಜ್ವರ ಇಳಿದ ಮರುದಿನ, ಇನ್ನೂ ಹಾಸಿಗೆಯಲ್ಲಿದ್ದಾಗಲೇ ಹೇಳಬಾರದು, ಎದ್ದು ಓಡಾಡುವಂತಾಗಬೇಕು. ಹಾಗೆಂದು ತಿಂಗಳುಗಟ್ಟಲೆ ಮುಂದೂಡುವುದೂ ಸರಿಯಲ್ಲ; ಮೂರು ದಿನದೊಳಗೆ ಹೇಳುವುದು ಉತ್ತಮ ಅನ್ನುತ್ತಾರೆ. ಹತ್ತು ಜನ ಸಿಗದ ಊರಿನಲ್ಲಿ ಒಬ್ಬರೇ ಹೇಳಿಕೊಳ್ಳುವುದಾದರೆ ದೇವರ ಹೆಸರನ್ನು ಬಿಟ್ಟು ಹೇಳಬೇಕು. ಅಂದರೆ ಅದು ಪೂರ್ತಿ ಹಗೋಮೆಲ್ ಅಲ್ಲ, ಬರೀ ಮನದ ಮಾತು. ಇನ್ನೊಂದು ತಕರಾರು ವಿಮಾನದ್ದು. ಕಡಲ ಮೇಲೆ ಹಾರಿ ಬಂದರೆ ಕಡಲು ದಾಟಿದಂತೆ ಆಯಿತೇ? ಅನೇಕರು ಹೌದು ಅನ್ನುತ್ತಾರೆ. ಒಳನಾಡಿನ ಪ್ರಯಾಣದಲ್ಲಿ ಸ್ಪೇನ್ ಮೂಲದ ಸೆಫಾರ್ದಿಗಳದೂ ಅಶ್ಕೆನಾಝಿಗಳದೂ ದಾರಿ ಬೇರೆ. ಸೆಫಾರ್ದಿಗಳಲ್ಲಿ ಹಲವರು ಒಂದು ಗಂಟೆ ಚಿಲ್ಲರೆಯ ಊರಿಂದೂರಿನ ಪ್ರಯಾಣಕ್ಕೂ ಹೇಳುತ್ತಾರೆ, ಅಶ್ಕೆನಾಝಿಗಳು ನಿಜವಾದ ಅಪಾಯ ಇದ್ದರೆ ಮಾತ್ರ. ನಮ್ಮ ಘಾಟಿ ರಸ್ತೆಗಳನ್ನು ನೋಡಿದವರಿಗೆ ಸೆಫಾರ್ದಿಗಳ ಮಾತೇ ಸರಿ ಅನ್ನಿಸಿದರೆ ತಪ್ಪಿಲ್ಲ.

ಮಂದಿ ಬೇಕು ಅಂದ ಮಾತ್ರಕ್ಕೆ ನಮ್ಮ ಪರವಾಗಿ ಅವರೇ ಹೇಳಿಬಿಡಲಿ ಅನ್ನುವಂತೆಯೂ ಇಲ್ಲ. ದಿನದ ಪ್ರಾರ್ಥನೆಯಲ್ಲಿ ಮುಂದೆ ನಿಂತವನು ಅಮಿದಾ ಎಂಬ ಮುಖ್ಯ ಪ್ರಾರ್ಥನೆಯನ್ನು ಇಡಿಯಾಗಿ ಎಲ್ಲರ ಪರವಾಗಿ ಮತ್ತೊಮ್ಮೆ ಗಟ್ಟಿಯಾಗಿ ಹೇಳುತ್ತಾನೆ. ಆರೋಗ್ಯ ಕೇಳುವುದು, ಮಳೆ ಕೇಳುವುದು, ಕ್ಷಮೆ ಕೇಳುವುದು ಎಲ್ಲಕ್ಕೂ ಮಿಕ್ಕವರು ಆಮೆನ್ ಅಂದರೆ ಸಾಕು. ‘ಮೋದೀಮ್’ ಎಂಬ ಕೃತಜ್ಞತೆಯ ಭಾಗ ಬಂದಾಗ ಮಾತ್ರ ಸಭೆಯವರೆಲ್ಲ ತಾವೇ ಬಾಗಿ ತಮ್ಮದೇ ಬೇರೆ ಮೋದೀಮ್ ಹೇಳಬೇಕು. 14ನೇ ಶತಮಾನದ ಸ್ಪೇನಿನ ಅಬುದರ್ಹಾಮ್ ಇದಕ್ಕೆ ಕೊಟ್ಟ ವಿವರಣೆ ಹೀಗೆ: ಬೇಡುವುದಕ್ಕೆ ವಕೀಲನನ್ನು ಇಡಬಹುದು, ಉಪಕಾರ ನೆನೆಯುವುದಕ್ಕೆ ಇಡಲಾಗದು. ಹೀಗೆ ಕೃತಜ್ಞತೆಯನ್ನು ಬೇರೆಯವರ ಮೇಲೆ ಹಾಕುವಂತಿಲ್ಲ, ಬೇರೆಯವರಿಲ್ಲದೆ ಮುಗಿಸುವಂತೆಯೂ ಇಲ್ಲ.

ಪದದ ಮಾತು ಬಂದದ್ದರಿಂದ ಒಂದು ಮಾತು. ಯೆಹೂದಿ ಎಂಬ ಹೆಸರೇ ಕೃತಜ್ಞತೆಯಿಂದ ಬಂದದ್ದು. ಲೇಯಾ ನಾಲ್ಕನೆಯ ಮಗ ಹುಟ್ಟಿದಾಗ ‘ಈ ಸಲ ದೇವರನ್ನು ಕೊಂಡಾಡುತ್ತೇನೆ’ ಅಂದು ಅವನಿಗೆ ಯೆಹೂದಾ ಎಂದು ಹೆಸರಿಟ್ಟಳು ಎಂದು ಆದಿಕಾಂಡ ಹೇಳುತ್ತದೆ. ಅದೇ ಧಾತುವಿನಿಂದ ಬಂದ ‘ಹೋದಾಆ’ ಪದಕ್ಕೆ ಎರಡು ಅರ್ಥ: ಉಪಕಾರ ಸ್ಮರಿಸುವುದು, ತಪ್ಪನ್ನೋ ಸಾಲವನ್ನೋ ಒಪ್ಪಿಕೊಳ್ಳುವುದು. ಕೃತಜ್ಞತೆಯ ಗುಣಕ್ಕೆ ಅವರು ಬಳಸುವ ಇನ್ನೊಂದು ಮಾತು ‘ಹಕ್ಕಾರತ್ ಹತೋವ್’, ಒಳಿತನ್ನು ಗುರುತಿಸುವುದು. ನಮ್ಮ ‘ಕೃತಜ್ಞ’ನೂ ಮಾಡಿದ್ದನ್ನು ಬಲ್ಲವನೇ ತಾನೆ, ಮಾತಾಡಿದವನಲ್ಲ. ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂಬ ನಮ್ಮ ಮಾತಿಗೆ ತಾಲ್ಮುದಿನಲ್ಲಿರುವ ಜೋಡಿ: ನೀರು ಕುಡಿದ ಬಾವಿಗೆ ಮಣ್ಣುಹೆಂಟೆ ಎಸೆಯಬೇಡ. ಇದನ್ನು ಎಷ್ಟು ದೂರ ಎಳೆಯುತ್ತಾರೆಂದರೆ, ಈಜಿಪ್ಟಿನಲ್ಲಿ ನೈಲ್ ನದಿಯನ್ನು ರಕ್ತ ಮಾಡಲು ಕೋಲೆತ್ತಿ ಹೊಡೆದದ್ದು ಮೋಶೆಯಲ್ಲ, ಅಣ್ಣ ಆರೋನ. ಬುಟ್ಟಿಯಲ್ಲಿ ತೇಲಿಬಿಟ್ಟ ಕೂಸಾಗಿದ್ದಾಗ ಮೋಶೆಯನ್ನು ಆ ನೀರೇ ಕಾಪಾಡಿತ್ತು. ನೀರಿಗೆ ನೋವಾಗುವುದಿಲ್ಲ ಎಂಬುದು ರಬ್ಬಿಗಳಿಗೂ ಗೊತ್ತಿತ್ತು. ದುಡಿಸಿಕೊಂಡ ಈಜಿಪ್ಟಿನವರ ಬಗ್ಗೆಯೂ ಧರ್ಮೋಪದೇಶಕಾಂಡ ‘ಅವನನ್ನು ಹೇಸಬೇಡ, ಅವನ ನಾಡಿನಲ್ಲಿ ಪರದೇಶಿಯಾಗಿದ್ದೆ’ ಅನ್ನುತ್ತದೆ. ಕೆಟ್ಟದ್ದನ್ನು ಮರೆ ಅನ್ನುತ್ತಿಲ್ಲ. ಪಾಸ್ಕದ ರಾತ್ರಿ ಕಹಿಸೊಪ್ಪು ತಿನ್ನಿಸಿ ವರ್ಷವರ್ಷವೂ ನೆನಪು ಮಾಡಿಸುತ್ತದೆ. ಎರಡು ಲೆಕ್ಕವನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿಡು ಅನ್ನುತ್ತದೆ, ಅಷ್ಟೇ.

ಇಷ್ಟು ಕೃತಜ್ಞತೆ ಸಲ್ಲಿಸುವವನ ಕಡೆಯಿಂದ. ನೆರವು ಕೊಡುವವನ ಕಡೆಗೆ ಬಂದರೆ ಧರ್ಮಶಾಸ್ತ್ರದ ದನಿ ಪೂರಾ ಬದಲಾಗುತ್ತದೆ. ಅಲ್ಲಿ ಕೃತಜ್ಞತೆ ಅನುಮಾನದ ವಸ್ತು.

ಸಾಲವನ್ನೇ ತಗೊಳ್ಳಿ. ಯೆಹೂದಿ ಯೆಹೂದಿಗೆ ಬಡ್ಡಿಯಿಲ್ಲದೆ ಸಾಲ ಕೊಡಬೇಕು. ಈಗಲೂ ಊರೂರಲ್ಲಿ ‘ಗೆಮಾಖ್’ ಎಂಬ ಕೈಗಡದ ನಿಧಿಗಳಿವೆ. ಹಣ ಮಾತ್ರವಲ್ಲ, ಮದುವೆಯ ಉಡುಪು, ತೊಟ್ಟಿಲು, ಗಾಲಿಕುರ್ಚಿ, ಸೂತಕದ ಮನೆಗೆ ಬೇಕಾದ ಗಿಡ್ಡ ಸ್ಟೂಲುಗಳನ್ನೂ ಕೊಡುತ್ತಾರೆ. ಯೆಹೂದಿ ಧರ್ಮಶಾಸ್ತ್ರಜ್ಞ ಮೈಮಾನಿಡೀಸ್ 12ನೇ ಶತಮಾನದಲ್ಲಿ ದಾನಕ್ಕೆ ಎಂಟು ಮೆಟ್ಟಿಲು ಹಾಕಿ, ಎಲ್ಲಕ್ಕಿಂತ ಮೇಲಿಟ್ಟದ್ದು ಬೀಳುತ್ತಿರುವವನಿಗೆ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಅವನು ಕೈಚಾಚದಂತೆ ಮಾಡುವುದನ್ನು. ಆದರೆ ಸಾಲ ಕೊಡುವುದು ಬಾಯಿಮಾತಿನಲ್ಲಲ್ಲ. ಸಾಕ್ಷಿಯಿಲ್ಲದೆ, ಪತ್ರವಿಲ್ಲದೆ ಕೊಟ್ಟವನು ಕುರುಡನ ಮುಂದೆ ಕಲ್ಲಿಟ್ಟಂತೆ ಅನ್ನುತ್ತದೆ ತಾಲ್ಮುದ್. ಪಡೆದವನು ಮರೆತಾನು, ಇಲ್ಲ ಅಂದಾನು, ಆ ಪಾಪಕ್ಕೆ ಕೊಟ್ಟವನೇ ದಾರಿ ಮಾಡಿದಂತೆ. ಹಾಗಾಗಿ ಗೆಮಾಖ್‌ನಲ್ಲಿ ಚೀಟಿಗೆ ಸಹಿ, ಜಾಮೀನುದಾರರು, ಮರುಪಾವತಿಯ ತಾರೀಖು ಎಲ್ಲ ಬ್ಯಾಂಕಿನಂತೆಯೇ. ಭಾವನೆಯ ಮೇಲೆ ನಡೆಸಿದ ನಿಧಿ ನಾಲ್ಕಾರು ದೊಡ್ಡ ಬಾಕಿಗೇ ಮುಳುಗುತ್ತದೆ. ಅಲ್ಲಿ ಮುಳುಗುವುದು ಕೊಟ್ಟವನ ಹಣವಲ್ಲ, ಮುಂದೆ ಸಾಲಿನಲ್ಲಿ ನಿಂತವನ ಹಣ.

ಇನ್ನು ಬಡ್ಡಿ. ಹಣದ ಬಡ್ಡಿ ನಿಷಿದ್ಧ ಎಂಬುದು ಎಲ್ಲರಿಗೂ ಗೊತ್ತು. ಮಾತಿನ ಬಡ್ಡಿಯೂ ನಿಷಿದ್ಧ. ಮುಂಚೆ ಸಾಲಕೊಟ್ಟವನನ್ನು ಕಂಡಾಗ ತಾನಾಗಿ ನಮಸ್ಕಾರ ಹೇಳುವ ರೂಢಿ ಇಲ್ಲದಿದ್ದವನು ಸಾಲ ಪಡೆದ ಮೇಲೆ ಹೇಳಲು ಶುರು ಮಾಡಬಾರದು; ಅದು ಬಡ್ಡಿ ಕಟ್ಟಿದಂತೆ. ಹಾಗಾದರೆ ಸಾಲ ಕೊಟ್ಟವನಿಗೆ ‘ಥ್ಯಾಂಕ್ಸ್’ ಹೇಳಬಹುದೇ? ಪಂಡಿತರು ಇದರ ಮೇಲೆ ನಿಜಕ್ಕೂ ವಾದ ಮಾಡಿದ್ದಾರೆ. ಸಾಮಾನ್ಯ ಸೌಜನ್ಯದ ಒಂದು ಮಾತು ಪರವಾಗಿಲ್ಲ ಅಂದವರಿದ್ದಾರೆ, ಅದೂ ಬೇಡ ಅಂದವರಿದ್ದಾರೆ. ಹೊಗಳಿ ಅಟ್ಟಕ್ಕೇರಿಸುವುದನ್ನು ಯಾರೂ ಒಪ್ಪುವುದಿಲ್ಲ; ಸಾಲ ತಂದು ಪುಸ್ತಕ ಅಚ್ಚು ಹಾಕಿಸಿದವನು ಅದೇ ಪುಸ್ತಕದಲ್ಲಿ ಸಾಲ ಕೊಟ್ಟವನ ಉಪಕಾರ ಸ್ಮರಿಸುವಂತಿಲ್ಲ ಎಂಬ ತೀರ್ಪೂ ಇದೆ. ಸಾಲ ಕೊಟ್ಟವನಿಗೂ ಕಟ್ಟಳೆ ಉಂಟು. ತೀರಿಸಲು ಪಡೆದವನ ಬಳಿ ಇಲ್ಲ ಎಂದು ಗೊತ್ತಿದ್ದರೆ ಅವನ ಕಣ್ಣಿಗೆ ಬೀಳುವಂತೆ ಬೀದಿಯಲ್ಲಿ ಹಾದುಹೋಗಬಾರದು. ಬಾಯಿಬಿಟ್ಟು ಕೇಳಬೇಕಾಗಿಲ್ಲ, ನಿನ್ನ ಮುಖವೇ ಕೇಳುತ್ತದೆ.

ಇದು ಅತಿಯಾಯಿತು ಅನ್ನಿಸಬಹುದು. ಆದರೆ ಕಷ್ಟಕಾಲದ ನೆರವನ್ನು ಹತ್ತಿರದಿಂದ ಬಲ್ಲವರಿಗೆ ಗೊತ್ತು, ಅಕ್ಕಿ ಚೀಲಕ್ಕಿಂತ ಭಾರ ಅದರ ಜೊತೆ ಬರುವ ಕ್ಯಾಮೆರಾದ್ದು.

ಊರಿನ ದಾನದ ಪೆಟ್ಟಿಗೆಯ ನಿಯಮಗಳೂ ಇದೇ ಜಾಡಿನವು. ಹಳೆಯ ಕಟ್ಟಳೆಯಲ್ಲಿ ಎರಡು ವ್ಯವಸ್ಥೆ. ‘ತಮ್ಖುಯ್’ ದಿನದ ಊಟದ ಪಾತ್ರೆ, ‘ಕುಪ್ಪಾ’ ವಾರದ ಹಣದ ಪೆಟ್ಟಿಗೆ. ಎರಡು ಊಟಕ್ಕೆ ಇರುವವನು ಪಾತ್ರೆಗೆ ಕೈಹಾಕಬಾರದು, ವಾರದ 14 ಊಟಕ್ಕೆ ಇರುವವನು ಪೆಟ್ಟಿಗೆಗೆ ಕೈಹಾಕಬಾರದು. ಪೆಟ್ಟಿಗೆಗೆ ಇಬ್ಬರು ಕೂಡಿ ಹಣ ಎತ್ತಬೇಕು, ಯಾಕೆಂದರೆ ಎತ್ತುವುದು ಅಧಿಕಾರ. ಮೂವರು ಕೂಡಿ ಹಂಚಬೇಕು, ಯಾಕೆಂದರೆ ಹಂಚುವುದು ನ್ಯಾಯ ತೀರ್ಮಾನ. ಎತ್ತಲು ಹೋದ ಇಬ್ಬರು ಒಬ್ಬರನ್ನೊಬ್ಬರು ಬಿಟ್ಟು ಅಗಲಬಾರದು. ದಾರಿಯಲ್ಲಿ ತನ್ನದೇ ಹಣ ಸಿಕ್ಕರೂ ಜೇಬಿಗೆ ಹಾಕದೆ ಪೆಟ್ಟಿಗೆಗೆ ಹಾಕಿ, ಮನೆಗೆ ಹೋದ ಮೇಲೆ ತೆಗೆದುಕೊಳ್ಳಬೇಕು. ಚಿಲ್ಲರೆಯನ್ನು ತನ್ನ ನೋಟಿಗೆ ತಾನೇ ಬದಲಿಸಿಕೊಳ್ಳಬಾರದು. ಊಟ ಬೇಡಿ ಬಂದವನನ್ನು ವಿಚಾರಿಸದೆ ಬಡಿಸು. ಬಟ್ಟೆ ಬೇಡಿ ಬಂದವನನ್ನು ಮಾತ್ರ ವಿಚಾರಿಸು. ಊರಿಗೆ ಬಂದು 30 ದಿನವಾದವನು ಊಟದ ಪಾತ್ರೆಗೆ ಕೊಡಬೇಕು, ಮೂರು ತಿಂಗಳಾದವನು ಪೆಟ್ಟಿಗೆಗೆ, ಆರು ತಿಂಗಳಾದವನು ಬಟ್ಟೆಯ ನಿಧಿಗೆ, ಒಂಬತ್ತಾದವನು ಹೆಣ ಹೂಳುವ ನಿಧಿಗೆ. ಹೊಸಬನನ್ನು ಊರವನಾಗಿ ಮಾಡಿಕೊಳ್ಳುವ ಕ್ರಮ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲೂ ಕಂಡಿಲ್ಲ: ಮೊದಲು ಅನ್ನಕ್ಕೆ ಪಾಲುದಾರ, ಕೊನೆಗೆ ಸಾವಿಗೆ. ದೇವಾಲಯದಲ್ಲಂತೂ ‘ಗುಟ್ಟಿನ ಕೋಣೆ’ ಎಂದೇ ಒಂದಿತ್ತು. ಕೊಡುವವರು ಸದ್ದಿಲ್ಲದೆ ಇಟ್ಟುಹೋಗುತ್ತಿದ್ದರು, ಒಳ್ಳೆಯ ಮನೆತನದ ಬಡವರು ಸದ್ದಿಲ್ಲದೆ ತಂದುಕೊಳ್ಳುತ್ತಿದ್ದರು.

ಸಾವಿನ ಮನೆಯ ಊಟದ ಕಥೆಯೂ ಇದನ್ನೇ ಹೇಳುತ್ತದೆ. ಹೂಳಿ ಬಂದ ಮೇಲೆ ಮೊದಲ ಊಟವನ್ನು ಆ ಮನೆಯವರು ತಮ್ಮ ಅಡುಗೆಯಿಂದ ಉಣ್ಣುವಂತಿಲ್ಲ, ನೆರೆಯವರೇ ತರಬೇಕು. ಬೇಯಿಸಿದ ಮೊಟ್ಟೆ, ಚನ್ನಂಗಿ ಬೇಳೆಯಂಥ ದುಂಡನೆಯ ಕಾಳು. ಕಾಳಿಗೆ ಬಾಯಿಲ್ಲ, ದುಃಖದಲ್ಲಿರುವವನಿಗೂ ಬಾಯಿಲ್ಲ ಎಂಬುದು ತಾಲ್ಮುದಿನ ಹೋಲಿಕೆ. ಒಂದು ಕಾಲಕ್ಕೆ ಶ್ರೀಮಂತರ ಮನೆಗೆ ಬೆಳ್ಳಿ ಬಂಗಾರದ ಬುಟ್ಟಿಯಲ್ಲೂ, ಬಡವರ ಮನೆಗೆ ಸಿಪ್ಪೆ ತೆಗೆದ ನೀರವಂಜಿ ಬೆತ್ತದ ಬುಟ್ಟಿಯಲ್ಲೂ ಊಟ ಹೋಗುತ್ತಿತ್ತು. ಬಡವರಿಗೆ ನಾಚಿಕೆಯಾಗುತ್ತಿತ್ತು. ಇನ್ನು ಮುಂದೆ ಎಲ್ಲರಿಗೂ ಬೆತ್ತದ ಬುಟ್ಟಿಯೇ ಎಂದು ನಿಯಮ ಬಂತು. ಪಾನೀಯ ಹಾಕುವ ಗಾಜಿಗೂ ಇದೇ ತಿದ್ದುಪಡಿ ಬಂತು. ಹೆಣಕ್ಕೆ ತೊಡಿಸುವ ಬಟ್ಟೆಯ ಖರ್ಚು ಸಾವಿಗಿಂತ ಭಾರವಾಗಿ, ಜನ ಹೆಣ ಬಿಟ್ಟು ಓಡುವಂತಾದಾಗ ರಬ್ಬಾನ್ ಗಮಲಿಯೇಲ್ ತನ್ನನ್ನು ಸಾದಾ ನಾರುಬಟ್ಟೆಯಲ್ಲೇ ಹೂಳಲು ಹೇಳಿದ. ಆಮೇಲೆ ಅದೇ ರೂಢಿಯಾಯಿತು. ಸೂತಕದ ಏಳು ದಿನ ಬಂದವರು ತಾವಾಗಿ ಮಾತು ತೆಗೆಯಬಾರದು, ಮನೆಯವರು ಬಾಯಿಬಿಡುವ ತನಕ ಕಾಯಬೇಕು. ಮನೆಯವರು ಬಂದವರಿಗೆ ಎದ್ದು ನಿಲ್ಲಬೇಕಾಗಿಲ್ಲ, ಬಾಗಿಲ ತನಕ ಹೋಗಿ ಕಳಿಸಬೇಕಾಗಿಲ್ಲ. ಇಲ್ಲಿ ತಪ್ಪುವವರು ಹೆಚ್ಚಾಗಿ ಒಳ್ಳೆಯ ಮನಸ್ಸಿನವರೇ: ಮೌನ ತಡೆಯಲಾರದೆ ‘ಸದ್ಯ, ನರಳಲಿಲ್ಲವಲ್ಲ’ ಅಂದುಬಿಡುತ್ತಾರೆ.

ಹೆಣಕ್ಕೆ ಸ್ನಾನ ಮಾಡಿಸುವ ಬಳಗಕ್ಕೆ ಹೆವ್ರಾ ಕದೀಶಾ ಎನ್ನುತ್ತಾರೆ. ಗಂಡಸಿಗೆ ಗಂಡಸರು, ಹೆಂಗಸಿಗೆ ಹೆಂಗಸರು. ಶುದ್ಧೀಕರಣಕ್ಕೆ ಒಂಬತ್ತು ಕಾವ್ ನೀರು. ಎಚ್ಚರಿಕೆಗೆಂದು 22 ಲೀಟರಿನಷ್ಟು ಹಿಡಿಯುವವರಿದ್ದಾರೆ. ಆ ನೀರನ್ನು ಮೂರು ಪಾತ್ರೆಗಿಂತ ಹೆಚ್ಚಿಗೆ ಹಂಚಿ ತುಂಬಬಾರದು, ಮೊದಲನೆಯದು ಖಾಲಿಯಾಗುವ ಮುಂಚೆಯೇ ಎರಡನೆಯದರ ಧಾರೆ ಬೀಳಬೇಕು, ನಡುವೆ ಕಡಿದರೆ ಮತ್ತೆ ಮೊದಲಿಂದ. ಹಾಗಾಗಿ ಒಬ್ಬರಿಂದ ಆಗದ ಕೆಲಸ. ತೊಡಿಸುವ ಬಟ್ಟೆಗೆ ಜೇಬಿಲ್ಲ. ಕೆಲಸ ಮುಗಿದ ಮೇಲೆ ಸತ್ತವರ ಹೆಸರು ಹಿಡಿದು, ನಮ್ಮಿಂದ ಏನಾದರೂ ಅಗೌರವ ಆಗಿದ್ದರೆ ಕ್ಷಮಿಸು ಎಂದು ಕೇಳಿಕೊಳ್ಳುತ್ತಾರೆ. ಇದಕ್ಕೆ ‘ನಿಜವಾದ ಉಪಕಾರ’ ಎಂದು ಹೆಸರು. ತಿರುಗಿ ಥ್ಯಾಂಕ್ಸ್ ಹೇಳಲಾರದವರಿಗೆ ಮಾಡಿದ್ದು ಅಂತ.

ಈ ನಿಯಮಗಳೆಲ್ಲ ಕಠಿಣ ಪರೀಕ್ಷೆಗೆ ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಪೋಲೆಂಡಿನ ವಾರ್ಸಾ ಘೆಟ್ಟೋದಲ್ಲಿ. ಅಲ್ಲಿ ಒಂದೊಂದು ಅಂಗಳದ ಸುತ್ತಲ ಮನೆಗಳು ಸೇರಿ ಒಂದೊಂದು ಮನೆಸಮಿತಿ ಮಾಡಿಕೊಂಡವು. ಗಂಜಿಕೇಂದ್ರ ನಡೆಸಿದವು, ಮಕ್ಕಳನ್ನು ನೋಡಿಕೊಂಡವು. ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಈ ನೆರವಿನ ಸಂಘಟನೆಯಲ್ಲಿದ್ದ, ಜೊತೆಗೆ ಗುಟ್ಟಾಗಿ ದಾಖಲೆಯನ್ನೂ ಕೂಡಿಡುತ್ತಿದ್ದ. ದಿನ ಹೋದಂತೆ ಕೊಡುವವರೇ ಬೇಡುವವರಾದರು. ಎಲ್ಲರಿಗೂ ಒಂದೊಂದು ಚಮಚ ಕೊಟ್ಟು ಯಾರೂ ಉಳಿಯದಂತೆ ಮಾಡುವುದೋ, ಕೆಲವರಿಗೇ ಹೊಟ್ಟೆತುಂಬ ಕೊಟ್ಟು ಅವರನ್ನಾದರೂ ಉಳಿಸುವುದೋ ಎಂದು 1942ರಲ್ಲಿ ಆತ ಕೇಳಿಕೊಂಡ. ಆ ಪ್ರಶ್ನೆಗೆ ಕುಪ್ಪಾದ ಕಟ್ಟಳೆಯಲ್ಲಿ ಉತ್ತರವಿಲ್ಲ. ಯುದ್ಧ ಮುಗಿದ ಮೇಲೆ, ತಮ್ಮ ಜೀವ ಪಣಕ್ಕಿಟ್ಟು ಯೆಹೂದಿಗಳನ್ನು ಅಡಗಿಸಿ ಕಾಪಾಡಿದ ಅನ್ಯಧರ್ಮದವರನ್ನು ಹುಡುಕಿ ಗೌರವಿಸುವ ಕೆಲಸವನ್ನು ನಾಜಿ ನರಮೇಧದ ಸ್ಮಾರಕ ಸಂಸ್ಥೆಯಾದ ಯೆರೂಸಲೇಮಿನ ಯಾದ್ ವಶೇಮ್ 1963ರಿಂದ ಮಾಡುತ್ತಿದೆ. ಅದು ಭಾವುಕ ಸಮಾರಂಭವಲ್ಲ, ಕೋರ್ಟಿನ ವಿಚಾರಣೆಯಂತೆ. ಉಳಿದವರ ಹೇಳಿಕೆ ಇಲ್ಲವೇ ದಾಖಲೆ ಬೇಕು, ಅಪಾಯ ನಿಜವಾಗಿದ್ದಿರಬೇಕು, ಹಣದ ಷರತ್ತು ಹಾಕಿರಬಾರದು. ಈ ತನಕ 28,000ಕ್ಕೂ ಹೆಚ್ಚು ಹೆಸರು ಸೇರಿವೆ. ಉಪಕಾರ ಮಾಡಿದವರನ್ನು ಸಾಕ್ಷ್ಯ ಹಿಡಿದು ಗುರುತಿಸುವ ಈ ಕ್ರಮ ‘ಹಕ್ಕಾರತ್ ಹತೋವ್’ ಎಂಬ ಪದಕ್ಕೆ ಅಕ್ಷರಶಃ ಹೊಂದುತ್ತದೆ.

ಸೆರೆಯ ಮಾತನ್ನು ಇಲ್ಲಿಯ ತನಕ ಬದಿಗಿಟ್ಟದ್ದು ಬೇಕೆಂದೇ. ಬಂದಿಯನ್ನು ಬಿಡಿಸುವುದಕ್ಕಿಂತ ದೊಡ್ಡ ಪುಣ್ಯ ಇಲ್ಲ ಅಂದ ಮೈಮಾನಿಡೀಸ್, ಸಿನಗಾಗ್ ಕಟ್ಟಲು ತಂದು ಒಟ್ಟಿದ ಮರ, ಕಲ್ಲನ್ನೂ ಮಾರಿ ಬಂದಿಗಳನ್ನು ಬಿಡಿಸಬಹುದು ಅನ್ನುತ್ತಾನೆ. ಕಟ್ಟಿ ಮುಗಿದಿದ್ದರೆ ಮಾತ್ರ ಮಾರಬಾರದು, ಊರವರಿಂದ ಎತ್ತಬೇಕು. ಇದು ಅವನಿಗೆ ಬರೀ ಪುಸ್ತಕದ ಮಾತಾಗಿರಲಿಲ್ಲ. 1168ರಲ್ಲಿ ಕ್ರುಸೇಡಿನ ಸೈನ್ಯ ಈಜಿಪ್ಟಿನ ಬಿಲ್ಬೈಸ್ ಊರಿಗೆ ನುಗ್ಗಿ ಸೆರೆಹಿಡಿದವರಿಗಾಗಿ ಹಣ ಎತ್ತಲು ಅವನು ಊರೂರಿಗೆ ಪತ್ರ ಕಳಿಸಿದ್ದ. ಕೈರೋದ ಹಳೆಯ ಸಿನಗಾಗಿನ ಕಾಗದದ ಉಗ್ರಾಣವಾದ ಗೆನೀಝಾದ ದಾಖಲೆಗಳಲ್ಲಿ ಬಂದಿಗಳ ರೂಢಿಯ ದರ ಮೂವರಿಗೆ 100 ದಿನಾರ್. ಹಾಗೆಂದು ಕೇಳಿದಷ್ಟು ಕೊಡುವಂತೆಯೂ ಇಲ್ಲ. ಬೆಲೆಗಿಂತ ಹೆಚ್ಚು ಕೊಟ್ಟರೆ ಹಿಡಿಯುವವರು ಹೆಚ್ಚುತ್ತಾರೆ ಎಂದು ಮಿಶ್ನಾ ಅಡ್ಡ ಹಾಕುತ್ತದೆ. ಜರ್ಮನಿಯ ರಬ್ಬಿ ಮೇಯಿರ್ 1286ರಲ್ಲಿ ಸೆರೆಯಾಗಿ, ತನಗಾಗಿ ದುಬಾರಿ ಹಣ ಕೊಡಬೇಡಿ ಎಂದು ತಡೆದು ಸೆರೆಯಲ್ಲೇ 1293ರಲ್ಲಿ ತೀರಿಕೊಂಡ ಎಂಬುದು ಪ್ರತೀತಿ. ಹೆಣ ಬಿಡಿಸಿಕೊಳ್ಳಲು ಮತ್ತೂ 14 ವರ್ಷ ಹಿಡಿಯಿತು. ಹಣ ಕೊಟ್ಟು ಬಿಡಿಸಿದ ಅಲೆಕ್ಸಾಂಡರ್ ವಿಂಪ್ಫೆನ್ ಬೇಡಿದ್ದು ಇಷ್ಟೇ, ತನ್ನನ್ನು ಆತನ ಪಕ್ಕದಲ್ಲಿ ಹೂಳಿ ಎಂದು. ವೊರ್ಮ್ಸ್ ಊರಿನಲ್ಲಿ ಎರಡು ಕಲ್ಲೂ ಅಕ್ಕಪಕ್ಕ ಇವೆ.

ಕಲ್ಲು ಮಾರಿ ಬಂದಿಯನ್ನು ಬಿಡಿಸಬಹುದು ಎಂಬ ನಿಯಮವನ್ನು ತಿರುಗಿಸಿದರೆ ಸಿಗುವ ಕಟ್ಟಡ ಮುಂಬಯಿಯಲ್ಲಿದೆ, ಅದರ ಬೇರು ನಮ್ಮ ಕಡೆ ಇದೆ. ಕೊಂಕಣದ ಯೆಹೂದಿಗಳಾದ ಬೆನೆ ಇಸ್ರೇಲಿಗಳು ಮರಾಠಿ ಮಾತಾಡುವ, ಎಣ್ಣೆ ಗಾಣ ನಡೆಸುತ್ತಿದ್ದ ಜನ. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಶನಿವಾರ ತೇಲಿ ಎಂದು ಹೆಸರು ಬಿತ್ತು. ಅವರಲ್ಲಿ ಹಲವರು ಕಂಪನಿಯ ಮುಂಬಯಿ ದಂಡಿಗೆ ಸೇರಿದರು. ಸ್ಯಾಮುಯೆಲ್ ಎಝೆಕಿಯೆಲ್ ದಿವೇಕರ್, ಮರಾಠಿ ಬಾಯಲ್ಲಿ ಸಾಮಾಜಿ ಹಸಾಜಿ, ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಮುಂಬಯಿ ದಂಡು ಮಂಗಳೂರು, ಬಿದನೂರು ಕಡೆ ಕಾದಾಡಿದ ಯುದ್ಧ ಅದು. ಬೆನೆ ಇಸ್ರೇಲಿಗಳ ಬಾಯಲ್ಲಿ ಉಳಿದ ಕಥೆ ಹೀಗಿದೆ: ಬಂದಿಗಳು ‘ನಾವು ಬೆನೆ ಇಸ್ರೇಲ್’ ಅಂದಾಗ, ಕುರಾನಿನಲ್ಲಿ ಆ ಹೆಸರು ಬಲ್ಲ ಟಿಪ್ಪುವಿನ ತಾಯಿ, ಇಂಥವರನ್ನು ಕಣ್ಣಾರೆ ಕಂಡದ್ದು ಇದೇ ಮೊದಲು ಎಂದು ಅವರ ಜೀವ ಉಳಿಸುವಂತೆ ಮಗನಿಗೆ ಹೇಳಿದಳು. ಬದುಕಿ ಊರು ಸೇರಿದರೆ ಸಿನಗಾಗ್ ಕಟ್ಟಿಸುತ್ತೇನೆಂದು ದಿವೇಕರ್ ಹರಕೆ ಹೊತ್ತಿದ್ದ. ಬಿಡುಗಡೆಯಾಗಿ, 1796ರಲ್ಲಿ ಕಟ್ಟಿಸಿದ. ಅದೇ ಮುಂಬಯಿಯ ಮೊದಲ ಸಿನಗಾಗ್, ಶಾರ್ ಹರಹಮೀಮ್, ಕರುಣೆಯ ಬಾಗಿಲು. ಆ ಬೀದಿಗೆ ಸ್ಯಾಮುಯೆಲ್ ಸ್ಟ್ರೀಟ್ ಎಂದು ಹೆಸರಾಯಿತು; ಮಸ್ಜಿದ್ ಬಂದರ್ ಸ್ಟೇಷನ್ನಿನ ‘ಮಸ್ಜಿದ್’ ಈ ಸಿನಗಾಗೇ ಎಂಬ ಮಾತೂ ಅಲ್ಲಿ ರೂಢಿಯಲ್ಲಿದೆ.

ಕಟ್ಟಿದ ಗೋಡೆಯ ಒಳಗೆ ಓದಲು ತೋರಾದ ಸುರುಳಿ ಬೇಕಲ್ಲ. ಅದನ್ನು ಬೇರೊಂದು ಯೆಹೂದಿ ಬಳಗವೇ ಕೊಡಬೇಕು. ದಿವೇಕರ್ ಅದಕ್ಕಾಗಿ ಕೊಚ್ಚಿಗೆ ಹೋದ, 1797ರಲ್ಲಿ ಅಲ್ಲೇ ತೀರಿಕೊಂಡ. ಮುಂದೆ ಬೆನೆ ಇಸ್ರೇಲಿಗಳಿಗೆ ಹೀಬ್ರೂ ಪ್ರಾರ್ಥನೆ ಕಲಿಸಿದವರಲ್ಲಿ ಕೊಚ್ಚಿಯಿಂದ ಬಂದವರು ಹಲವರು. ಈಗ ಅದೇ ಕೊಚ್ಚಿಯ 1568ರ ಪರದೇಸಿ ಸಿನಗಾಗಿನಲ್ಲಿ ಸ್ಥಳೀಯರಿಂದಲೇ ಹತ್ತು ಜನ ಕೂಡುವುದಿಲ್ಲ. ಪ್ರವಾಸಕ್ಕೆ ಬಂದ ಯೆಹೂದಿಗಳನ್ನು ಎಣಿಸಿ ಹತ್ತು ಮಾಡಬೇಕು. 1948ರ ನಂತರ ಭಾರತದ ಯೆಹೂದಿಗಳಲ್ಲಿ ಬಹುಪಾಲು ಇಸ್ರೇಲಿಗೆ ಹೋದರು. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಕಡೆ 1904ರಿಂದ ಅವರ ಒಂದು ಪುಟ್ಟ ಸ್ಮಶಾನವಿದೆ.

ಬೆನೆ ಇಸ್ರೇಲಿಗಳು ಉಳಿಸಿಕೊಂಡ ಕೃತಜ್ಞತೆಯ ರೂಪ ಮಾತ್ರ ನಮಗೆ ತೀರಾ ಗುರುತಿನದು. ಅದರ ಹೆಸರು ಮಲೀದಾ. ಕಾಯಿಲೆ ವಾಸಿಯಾದಾಗ, ಹರಕೆ ತೀರಿಸುವಾಗ, ಹೊಸ ಮನೆಗೆ, ಮದುವೆಗೆ ಮುಂಚೆ, ದೂರ ಪ್ರಯಾಣಕ್ಕೆ ಪ್ರವಾದಿ ಎಲಿಯಾನ ಹೆಸರಿನಲ್ಲಿ ಮಾಡುತ್ತಾರೆ. ಅಲಿಬಾಗಿನ ಹತ್ತಿರ ಬಂಡೆಯ ಮೇಲೆ ಎಲಿಯಾನ ರಥದ ಗುರುತಿದೆ ಎಂದು ನಂಬಿ ಅಲ್ಲಿಗೂ ಹೋಗುತ್ತಾರೆ. ಮಲೀದಾ ಅಂದರೆ ಸಿಹಿ ಅವಲಕ್ಕಿ. ಹತ್ತು ಹನ್ನೆರಡು ಮಂದಿಗೆ ಅರ್ಧ ಕಿಲೋ ಗಟ್ಟಿ ಅವಲಕ್ಕಿ, ದೊಡ್ಡ ತೆಂಗಿನಕಾಯಿ ಒಂದರ ತುರಿ, ಕಾಲು ಕಿಲೋಗೆ ತುಸು ಕಡಿಮೆ ಸಕ್ಕರೆ, ಏಳೆಂಟು ಏಲಕ್ಕಿ, ಒಣದ್ರಾಕ್ಷಿ, ಬಾದಾಮಿ, ಪಿಸ್ತಾ. ಹಾಲು, ತುಪ್ಪ ಸೋಕಿಸುವುದಿಲ್ಲ. ಯೆಹೂದಿಗಳು ಮಾಂಸದ ಜೊತೆ ಹಾಲಿನದನ್ನು ಬೆರೆಸುವಂತಿಲ್ಲ, ಇದು ಮಾಂಸದ ಊಟದ ಜೊತೆಗೂ ತಿನ್ನಲು ಬರಬೇಕು. ಅವಲಕ್ಕಿಯನ್ನು ನೆನೆಹಾಕಬಾರದು, ಎರಡು ನೀರಲ್ಲಿ ತೊಳೆದು ಜಾಲರಿಯಲ್ಲಿ ಕಾಲು ಗಂಟೆ ಬಿಟ್ಟರೆ ತಾನೇ ಅರಳುತ್ತದೆ. ತೆಳು ಅವಲಕ್ಕಿ ಆದರೆ ಮುದ್ದೆ. ಸಕ್ಕರೆ ಮುಂಚೆಯೇ ಬೆರೆಸಿದರೆ ನೀರು ಬಿಟ್ಟುಕೊಳ್ಳುತ್ತದೆ, ಜನ ಕೂತ ಮೇಲೆ ಬೆರೆಸಬೇಕು. ತಟ್ಟೆಯ ನಡುವೆ ಗುಡ್ಡೆ ಹಾಕಿ, ಸುತ್ತ ಐದು ಬಗೆ ಹಣ್ಣು, ಮೇಲೆ ಗುಲಾಬಿ. ಒಂದೊಂದಕ್ಕೂ ಬೇರೆ ಬೇರೆ ಆಶೀರ್ವಚನ: ಖರ್ಜೂರಕ್ಕೆ ಮರದ ಹಣ್ಣಿನದು, ಬಾಳೆಗೆ ನೆಲದ ಬೆಳೆಯದು (ಯೆಹೂದಿ ಶಾಸ್ತ್ರದಲ್ಲಿ ಬಾಳೆ ಮರವಲ್ಲ, ಬಾಳೆಗಿಡ ಅನ್ನುವ ನಾವು ತಕರಾರು ಮಾಡುವಂತಿಲ್ಲ), ಅವಲಕ್ಕಿಗೆ ಧಾನ್ಯದ್ದು, ಗುಲಾಬಿಗೆ ಪರಿಮಳದ್ದು. ಎಲಿಯಾಹು ಹನವೀ ಹಾಡು ಆದ ಮೇಲೆ ಕೂತವರೆಲ್ಲರಿಗೂ ಹಂಚಬೇಕು. ಬರಲಾಗದ ಮನೆಗಳಿಗೆ ಅಂದೇ ಕಳಿಸಬೇಕು. ಹಸಿ ತೆಂಗಿನತುರಿ ಬೆರೆತ ಅವಲಕ್ಕಿ ಕೊಂಕಣದ ಸೆಕೆಗೆ ಬೆಳಗಾಗುವಷ್ಟರಲ್ಲಿ ಹಳಸುತ್ತದೆ.